ಸಮುದ್ರದಲ್ಲಿ ಮಡಿದ ನೌಕಾ ವೈದ್ಯರ ಯುದ್ಧಸೇವೆಯ ದಾಖಲೆ ಹುಡುಕುವ ಬಗೆ

ಯುದ್ಧಕಾಲದಲ್ಲಿ ಹಡಗಿನೊಂದಿಗೆ ಮುಳುಗಿ ತೀರಿಕೊಂಡ ವೈದ್ಯರೊಬ್ಬರ ದಾಖಲೆ ಹುಡುಕಲು ಹೊರಟವರು ಮೊದಲು ಅವರ ಹೆಸರಿನ ಬೆನ್ನು ಹತ್ತಬಾರದು, ಹಡಗಿನ ಬೆನ್ನು ಹತ್ತಬೇಕು. ಮನೆಯವರಿಗೆ ಹೆಸರೇ ಎಲ್ಲಕ್ಕಿಂತ ಮುಖ್ಯ ಎಂಬುದು ಸಹಜ. ಆದರೆ ಕಡತಗಳಲ್ಲಿ ಆ ಹೆಸರು ಯಾವ ಕಾಗುಣಿತದಲ್ಲಿ, ಯಾವ ಇಲಾಖೆಯಡಿ, ಯಾವ ಹುದ್ದೆಯೊಂದಿಗೆ ಕುಳಿತಿದೆಯೋ ಹೇಳಲಾಗದು. ಹಡಗು ಹಾಗಲ್ಲ, ಅದು ಒಂದು ದಿನ, ಒಂದು ಹೊತ್ತಿನಲ್ಲಿ, ಅಕ್ಷಾಂಶ ರೇಖಾಂಶ ಗೊತ್ತಿರುವ ಒಂದು ಜಾಗದಲ್ಲಿ ಮುಳುಗುತ್ತದೆ, ಮತ್ತು ಆ ಸಂಗತಿಯನ್ನು ಮುಳುಗಿಸಿದವರೂ ಬದುಕಿಸಿದವರೂ ಬರೆದಿಡುತ್ತಾರೆ. ಹಡಗಿನ ಹೆಸರು ಮತ್ತು ಮುಳುಗಿದ ದಿನಾಂಕ ಖಚಿತವಾದ ಮೇಲೆ ವ್ಯಕ್ತಿಯನ್ನು ಹುಡುಕುವ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಹುಡುಕಾಟವನ್ನು ಮನೆಯ ಪೆಟ್ಟಿಗೆಯಿಂದಲೇ ಆರಂಭಿಸಬೇಕು. ಸಮವಸ್ತ್ರದಲ್ಲಿ ತೆಗೆಸಿಕೊಂಡ ಭಾವಚಿತ್ರವಿದ್ದರೆ ಮುಖಕ್ಕಿಂತ ಮೊದಲು ತೋಳಿನ ತುದಿಯನ್ನು ಭೂತಗನ್ನಡಿ ಹಿಡಿದು ನೋಡಿ. ಬ್ರಿಟಿಷ್ ನೌಕಾಪಡೆಯಲ್ಲೂ ಅದರ ಮಾದರಿಯನ್ನು ಅನುಸರಿಸಿದ ಭಾರತೀಯ ನೌಕಾಪಡೆಯಲ್ಲೂ ವೈದ್ಯಾಧಿಕಾರಿಯ ಚಿನ್ನದ ಪಟ್ಟಿಗಳ ನಡುವೆ ಕೆಂಪು ಬಟ್ಟೆ ಇರುತ್ತದೆ. ಕಪ್ಪು ಬಿಳುಪು ಚಿತ್ರದಲ್ಲಿ ಅದು ಕೆಂಪಾಗಿ ಕಾಣುವುದಿಲ್ಲ. ಆದರೆ ಪಟ್ಟಿಗಳ ನಡುವಿನ ಜಾಗವು ಕೋಟಿನ ಬಟ್ಟೆಗಿಂತ ಬೇರೆ ಛಾಯೆಯಲ್ಲಿದ್ದರೆ ಅವರು ವೈದ್ಯಕೀಯ ಅಥವಾ ಇನ್ನಾವುದೋ ವಿಶೇಷ ಶಾಖೆಗೆ ಸೇರಿದವರೆಂದು ತಿಳಿಯಬಹುದು. ಎರಡು ಪಟ್ಟಿಗಳಿದ್ದರೆ ಸರ್ಜನ್ ಲೆಫ್ಟಿನೆಂಟ್. ಎರಡು ದಪ್ಪ ಪಟ್ಟಿಗಳ ನಡುವೆ ಒಂದು ತೆಳು ಪಟ್ಟಿಯಿದ್ದರೆ ಸರ್ಜನ್ ಲೆಫ್ಟಿನೆಂಟ್ ಕಮಾಂಡರ್. ಪಟ್ಟಿಗಳು ನೇರವಾಗಿರದೆ ಅಲೆಯಂತಿದ್ದರೆ ಅವರು ಯುದ್ಧಕಾಲಕ್ಕೆಂದು ಸೇರಿದ ಸ್ವಯಂಸೇವಕ ಮೀಸಲು ಪಡೆಯವರು, ಹೆಣೆದಂತಿದ್ದರೆ ವ್ಯಾಪಾರಿ ಹಡಗುಗಳಿಂದ ಬಂದ ಮೀಸಲು ಪಡೆಯವರು. ಚಿತ್ರ 1918ಕ್ಕಿಂತ ಹಿಂದಿನದಾದರೆ ಇನ್ನೊಂದು ಗುರುತು ಸಿಗುತ್ತದೆ. ಅಲ್ಲಿಯವರೆಗೆ ಮೇಲಿನ ಪಟ್ಟಿಯ ಸುರುಳಿ ಹಡಗು ನಡೆಸುವ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು, ವೈದ್ಯರಿಗೆ ಇರಲಿಲ್ಲ. ಅದೇ ವರ್ಷ ಹುದ್ದೆಗಳ ಹೆಸರೂ ಬದಲಾಯಿತು. ಅದಕ್ಕೂ ಮುಂಚೆ ಬರೀ ‘ಸರ್ಜನ್’ ಎನಿಸಿಕೊಂಡವರು ಮುಂದೆ ‘ಸರ್ಜನ್ ಲೆಫ್ಟಿನೆಂಟ್’ ಆದರು, ‘ಫ್ಲೀಟ್ ಸರ್ಜನ್’ ಆಗಿದ್ದವರು ‘ಸರ್ಜನ್ ಕಮಾಂಡರ್’ ಆದರು. ಒಬ್ಬರೇ ವ್ಯಕ್ತಿ ಎರಡು ಕಡತಗಳಲ್ಲಿ ಎರಡು ಹುದ್ದೆಗಳಲ್ಲಿ ಕಾಣಿಸಿಕೊಂಡರೆ ಬಡ್ತಿಯೆಂದು ತಕ್ಷಣ ತೀರ್ಮಾನಿಸಬೇಡಿ.

ಮೊದಲ ಮಹಾಯುದ್ಧದಲ್ಲಿ ಮಡಿದವರ ಮನೆಗಳಲ್ಲಿ ಅಂಗೈಗಿಂತ ದೊಡ್ಡದಾದ, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆಯೊಂದು ಇರಬಹುದು. ಅದರ ಮೇಲೆ ಬ್ರಿಟಾನಿಯಾ ದೇವತೆಯ ಆಕೃತಿ, ಪಕ್ಕದಲ್ಲಿ ಸಿಂಹ, ಒಂದು ಆಯತದೊಳಗೆ ಉಬ್ಬಕ್ಷರಗಳಲ್ಲಿ ಮಡಿದವರ ಪೂರ್ಣ ಹೆಸರು ಇರುತ್ತದೆ. ಹುದ್ದೆಯೂ ಪಡೆಯೂ ಇರುವುದಿಲ್ಲ. ಸಾವಿನಲ್ಲಿ ಎಲ್ಲರೂ ಸಮಾನರೆಂದು ಅದನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದರು. ಹೀಗಾಗಿ ಆ ಬಿಲ್ಲೆಯಿಂದ ಸಿಗುವುದು ಒಂದೇ, ಸರಕಾರವು ಅವರ ಹೆಸರನ್ನು ಇಂಗ್ಲಿಷಿನಲ್ಲಿ ಯಾವ ಕಾಗುಣಿತದಲ್ಲಿ ಬರೆಯಿತು ಎಂಬುದು. ಅದನ್ನು ಹಾಗೆಯೇ ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಿ. ಅದೇ ಯುದ್ಧದ ಪದಕಗಳಾದರೆ ಅಂಚಿನಲ್ಲಿ ಹುದ್ದೆ, ಹೆಸರು, ಪಡೆ ಕೆತ್ತಿರುತ್ತಾರೆ. ಪದಕವನ್ನು ಉಜ್ಜಿ ಹೊಳಪು ಕೊಡುವ ಮುನ್ನ ಅಂಚಿನ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಸವೆದ ಅಕ್ಷರ ಮತ್ತೆ ಬರುವುದಿಲ್ಲ.

ಮನೆಯಲ್ಲಿ ಸಿಗುವ ಮತ್ತೊಂದು ಸುಳಿವು ಶ್ರಾದ್ಧದ ತಿಥಿ. ನಮ್ಮ ಮನೆಗಳಲ್ಲಿ ದಿನಾಂಕ ಮರೆತರೂ ತಿಥಿ ಮರೆಯುವುದಿಲ್ಲ. ‘ಚಿತ್ರಭಾನು ಸಂವತ್ಸರದ ಕಾರ್ತೀಕ’ ಎಂದು ಅಜ್ಜಿ ಹೇಳಿದ್ದರೆ ಅದು 1942ರ ನವೆಂಬರ್ ಆಸುಪಾಸಿಗೆ ಸರಿಹೊಂದುತ್ತದೆ, ಹಳೆಯ ಪಂಚಾಂಗ ಸಿಕ್ಕರೆ ದಿನವನ್ನೂ ಹೊಂದಿಸಬಹುದು. ಆದರೆ ಒಂದು ಎಚ್ಚರ ಬೇಕು. ಸಮುದ್ರದಲ್ಲಿ ಕಾಣೆಯಾದವರ ವಿಷಯದಲ್ಲಿ ಮನೆಗೆ ಬಂದ ತಂತಿಯಲ್ಲಿ ಬಹುಪಾಲು ‘ನಾಪತ್ತೆ’ ಎಂದಷ್ಟೇ ಇರುತ್ತಿತ್ತು, ‘ಮೃತರೆಂದು ಭಾವಿಸಲಾಗಿದೆ’ ಎಂಬ ಪತ್ರ ತಿಂಗಳುಗಳ ಮೇಲೆ ಬರುತ್ತಿತ್ತು. ಸಾವಿನ ತಿಥಿ ಗೊತ್ತಿಲ್ಲದವರಿಗೆ ಅಮಾವಾಸ್ಯೆಯಂದು ಶ್ರಾದ್ಧ ಮಾಡುವ ರೂಢಿ ನಮ್ಮಲ್ಲಿದೆ. ಆದ್ದರಿಂದ ಮನೆಯವರು ಆಚರಿಸುವ ತಿಥಿ ಅಮಾವಾಸ್ಯೆಯಾಗಿದ್ದರೆ ಅದು ಸಾವಿನ ದಿನವಾಗಿರಬೇಕಿಲ್ಲ. ತಿಂಗಳನ್ನು ನಂಬಿ, ದಿನವನ್ನು ನಂಬಬೇಡಿ.

ಎರಡನೆಯ ಹೆಜ್ಜೆಯಾಗಿ, ಅವರು ನಿಜಕ್ಕೂ ಯಾರ ಸೇವೆಯಲ್ಲಿದ್ದರು ಎಂಬುದನ್ನು ತೀರ್ಮಾನಿಸಬೇಕು. ಹುಡುಕುವವರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ರಿಟಿಷರ ಕಾಲದ ಭಾರತೀಯ ನೌಕಾಪಡೆಯಾದ ರಾಯಲ್ ಇಂಡಿಯನ್ ನೇವಿಯ ವೈದ್ಯರು ನೌಕಾಪಡೆಯ ಸ್ವಂತದವರಲ್ಲ, ಸೇನೆಯ ವೈದ್ಯಕೀಯ ಸೇವೆಯಿಂದ ಎರವಲು ಬಂದವರು. 1943ರ ಏಪ್ರಿಲ್ 3ರಂದು ಇಂಡಿಯನ್ ಮೆಡಿಕಲ್ ಸರ್ವಿಸ್, ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್ ಮತ್ತು ಇಂಡಿಯನ್ ಹಾಸ್ಪಿಟಲ್ ಕೋರ್‌ಗಳನ್ನು ಕೂಡಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಎಂಬ ಸೇನಾ ವೈದ್ಯಕೀಯ ದಳ ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ ಅದೇ ಆರ್ಮಿ ಮೆಡಿಕಲ್ ಕೋರ್ ಆಯಿತು. ಇಂದಿಗೂ ನೌಕಾಪಡೆಯ ವೈದ್ಯಾಧಿಕಾರಿ ಆ ಕೋರ್‌ಗೆ ಸೇರಿದವರೇ, ನೌಕಾ ಸಮವಸ್ತ್ರ ತೊಟ್ಟು ಹಡಗಿನಲ್ಲಿ ಕೆಲಸ ಮಾಡುತ್ತಾರೆ. ಇದರ ಪರಿಣಾಮವಾಗಿ ಹಡಗಿನಲ್ಲಿ ‘ಸರ್ಜನ್ ಲೆಫ್ಟಿನೆಂಟ್’ ಆಗಿದ್ದವರು ಸೇನೆಯ ಕಡತದಲ್ಲಿ ‘ಕ್ಯಾಪ್ಟನ್’ ಆಗಿರಬಹುದು, ಏಕೆಂದರೆ ನೌಕಾಪಡೆಯ ಲೆಫ್ಟಿನೆಂಟ್ ಹುದ್ದೆ ಸೇನೆಯ ಕ್ಯಾಪ್ಟನ್ ಹುದ್ದೆಗೆ ಸಮ. ನೌಕಾಪಡೆಯ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೈಬಿಡುವ ಮುನ್ನ ಸೇನಾ ವೈದ್ಯಕೀಯ ಕೋರ್‌ನ ಪಟ್ಟಿಯನ್ನು ನೋಡಲೇಬೇಕು.

ವ್ಯಾಪಾರಿ ಹಡಗಿನ ವೈದ್ಯರದು ಬೇರೆಯೇ ದಾರಿ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು ವಿದೇಶಕ್ಕೆ ಹೋಗುವ ಹಡಗಿನಲ್ಲಿ ಅರ್ಹ ವೈದ್ಯರಿರಬೇಕೆಂದು 1894ರ ಬ್ರಿಟಿಷ್ ಹಡಗು ಕಾಯ್ದೆ ವಿಧಿಸಿತ್ತು. ಹಾಗೆ ಕಂಪನಿಯ ಹಡಗಿನಲ್ಲಿದ್ದ ವೈದ್ಯರು ಸೈನಿಕರಲ್ಲ, ಹಡಗಿನ ಸಿಬ್ಬಂದಿ. ಅವರ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಅಡುಗೆಯವರು, ಎಂಜಿನ್ ಕೋಣೆಯವರ ಜೊತೆಗೇ ಇರುತ್ತದೆ. ಆಸ್ಪತ್ರೆ ಹಡಗುಗಳಲ್ಲಿ ಎರಡೂ ಬೆರೆತಿರುತ್ತಿದ್ದವು. ತಾಲಾಂಬಾ, ತೈರಿಯಾ, ಕಾರಾಪಾರಾ, ವೀಟಾ ಮುಂತಾದ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯ ಹಡಗುಗಳು ಎರಡನೆಯ ಯುದ್ಧದಲ್ಲಿ ಬಿಳಿ ಬಣ್ಣ, ಹಸಿರು ಪಟ್ಟಿ, ಕೆಂಪು ಶಿಲುಬೆ ತೊಟ್ಟು ಆಸ್ಪತ್ರೆಗಳಾದವು. 1943ರ ಜುಲೈ 10ರಂದು ಸಿಸಿಲಿಯ ಬಳಿ ತಾಲಾಂಬಾ ವಿಮಾನ ದಾಳಿಗೆ ಸಿಕ್ಕಿ ಮುಳುಗಿತು. ಇಂತಹ ಹಡಗಿನಲ್ಲಿ ಮಡಿದವರಲ್ಲಿ ನಾವಿಕನ ಹೆಸರು ವ್ಯಾಪಾರಿ ನೌಕಾದಳದಡಿ, ವೈದ್ಯರ ಹೆಸರು ಸೇನಾ ವೈದ್ಯಕೀಯ ಸೇವೆಯಡಿ ಬರುತ್ತದೆ. ಒಂದೇ ಹಡಗು, ಒಂದೇ ಸಾವು, ಆದರೆ ಸ್ಮಾರಕಗಳು ಬೇರೆ ಬೇರೆ.

ಇಷ್ಟು ತಿಳಿದ ಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಉಚಿತ ಅಂತರ್ಜಾಲ ಪಟ್ಟಿಯನ್ನು ತೆರೆಯಿರಿ. 1917ರಲ್ಲಿ ಸ್ಥಾಪನೆಯಾದ ಈ ಆಯೋಗ ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರನ್ನು ಸ್ಮರಿಸುತ್ತದೆ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಅದು ಲೆಕ್ಕ ಹಿಡಿಯುತ್ತದೆ. ಹುಡುಕುವ ಪುಟದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಡಿ. ಹಡಗು ಮುಳುಗಿದ ದಿನ ಮತ್ತು ಅದರ ಹಿಂದು ಮುಂದಿನ ದಿನಗಳನ್ನು ಮಾತ್ರ ಕೊಟ್ಟು, ಮೊದಲು ನೌಕಾಪಡೆ, ಬಳಿಕ ಸೇನೆ, ಕೊನೆಗೆ ವ್ಯಾಪಾರಿ ನೌಕಾದಳ ಎಂದು ಆರಿಸಿ ಮೂರು ಬಾರಿ ಹುಡುಕಿ. ಬಂದ ಪಟ್ಟಿಯನ್ನು ಕಣ್ಣಾಡಿಸುವಾಗ ನಮ್ಮ ಊರುಗಳ ಅಂದಿನ ಬರಹ ನೆನಪಿರಲಿ: ಧಾರವಾಡ ‘ಧಾರ್ವಾರ್’ ಆಗಿರುತ್ತದೆ, ಕಾರವಾರ ‘ನಾರ್ತ್ ಕ್ಯಾನರಾ’ದಲ್ಲಿರುತ್ತದೆ, ಮಂಗಳೂರು ‘ಸೌತ್ ಕ್ಯಾನರಾ’ದಲ್ಲಿರುತ್ತದೆ. ಮನೆತನದ ಹೆಸರು, ತಂದೆಯ ಹೆಸರು, ಊರಿನ ಹೆಸರು, ಈ ಮೂರರಲ್ಲಿ ಯಾವುದನ್ನು ಬೇಕಾದರೂ ಗುಮಾಸ್ತನು ಕೊನೆಯ ಹೆಸರೆಂದು ಹಿಡಿದಿರಬಹುದು.

ಮುಂಬಯಿಯವರಿಗೆ ಈ ಘಟ್ಟದಲ್ಲಿ ಒಂದು ಅನುಕೂಲವಿದೆ. ಮಸೀದಿ ಬಂದರಿನ ನಾವಿಕರ ಗೃಹದಲ್ಲಿ ಸಮುದ್ರವಲ್ಲದೆ ಬೇರೆ ಸಮಾಧಿಯಿಲ್ಲದ ನಾವಿಕರ ಸ್ಮಾರಕಗಳಿವೆ. ಮೊದಲ ಯುದ್ಧದ ಸ್ಮಾರಕ 2,000ಕ್ಕೂ ಹೆಚ್ಚು ಮಂದಿಯದು. ಎರಡನೆಯ ಯುದ್ಧದ್ದು ಗೌರವ ಗ್ರಂಥದ ರೂಪದಲ್ಲಿದೆ. ಅದರಲ್ಲಿ ಅವಿಭಜಿತ ಭಾರತದ ನೌಕಾಪಡೆಯ ಸುಮಾರು 400, ವ್ಯಾಪಾರಿ ನೌಕಾದಳದ ಸುಮಾರು 6,000 ಮಂದಿಯ ಹೆಸರುಗಳಿವೆ, ಅದರ ತದ್ರೂಪು ಪ್ರತಿ ಚಿತ್ತಗಾಂಗ್‌ನಲ್ಲಿದೆ. ಹೋಗುವ ಮುನ್ನ ಗೃಹದ ಕಚೇರಿಯ ಅನುಮತಿ ಕೇಳಿಕೊಳ್ಳುವುದು ಮರ್ಯಾದೆ. ಅಲ್ಲಿ ಹೆಸರು ಸಿಗದಿದ್ದರೆ ನಿರಾಶರಾಗಬೇಡಿ: ಬ್ರಿಟಿಷ್ ನೌಕಾಪಡೆಯಲ್ಲಿದ್ದವರು ಪೋರ್ಟ್ಸ್‌ಮತ್, ಪ್ಲಿಮತ್, ಚಾಥಮ್ ಸ್ಮಾರಕಗಳಲ್ಲಿ ಒಂದರಲ್ಲಿರುತ್ತಾರೆ, ಸೇನಾ ವೈದ್ಯಕೀಯ ಸೇವೆಯವರು ಸೇನೆಯ ಸ್ಮಾರಕಗಳಲ್ಲಿರುತ್ತಾರೆ. ಪುಣೆಯ ಖಡಕಿ ಯುದ್ಧ ಸ್ಮಶಾನ ಮುಖ್ಯವಾಗಿ ನೆಲದ ಮೇಲೆ ತೀರಿಕೊಂಡವರದು. ಗಾಯಗೊಂಡು ದಡ ಸೇರಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದವರನ್ನು ಮಾತ್ರ ಅಂತಹ ಸ್ಮಶಾನಗಳಲ್ಲಿ ಹುಡುಕಬೇಕು.

ಇನ್ನು ಅವರ ಕೊನೆಯ ದಿನದ ವಿವರ. ಈ ಹುಡುಕಾಟದ ಅತ್ಯಂತ ಬೆಲೆಯುಳ್ಳ ಭಾಗವೂ ಇದೇ. ಮುಳುಗಿದ ಹಡಗಿನ ಲಾಗ್ ಪುಸ್ತಕ, ಅಂದರೆ ಹಡಗಿನ ದಿನಚರಿ, ಹಡಗಿನೊಂದಿಗೇ ಮುಳುಗಿರುತ್ತದೆ. ವೈದ್ಯರು ತಮ್ಮ ಕೈಯಾರೆ ಬರೆದ ರೋಗಿಗಳ ದಿನಚರಿಯೂ ಅದರೊಂದಿಗೆ ಹೋಗಿರುತ್ತದೆ. ಆದ್ದರಿಂದ ಬದುಕುಳಿದವರನ್ನು ನೀರಿನಿಂದ ಎತ್ತಿದ ಹಡಗು ಯಾವುದೆಂದು ಕಂಡುಕೊಂಡು, ಅದರ ಲಾಗ್ ಓದಬೇಕು. 1942ರ ನವೆಂಬರ್ 20ರಂದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟ ತಿಲಾವಾ ಹಡಗನ್ನು 23ರಂದು ಜಪಾನಿನ ಐ–29 ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದ 958 ಮಂದಿಯಲ್ಲಿ 280 ಜನ ಸತ್ತರು. ಉಳಿದವರಲ್ಲಿ ಬಹುಪಾಲು ಜನರನ್ನು ಎತ್ತಿದ ಬರ್ಮಿಂಗ್‌ಹ್ಯಾಮ್ ಯುದ್ಧನೌಕೆ 27ರಂದು ಅವರನ್ನು ಮುಂಬಯಿಗೆ ತಂದಿತು. ತಿಲಾವಾದ ಕಡೆಯ ಗಂಟೆಗಳನ್ನು ತಿಳಿಯಬೇಕೆಂದವರು ಬರ್ಮಿಂಗ್‌ಹ್ಯಾಮ್‌ನ ಕಡತವನ್ನು ಕೇಳಬೇಕು. ಹಾಗೆಯೇ 1942ರ ಏಪ್ರಿಲ್ 9ರಂದು ಸಿಂಹಳದ ಪೂರ್ವಕ್ಕೆ ಹರ್ಮೀಸ್ ವಿಮಾನವಾಹಕ ಮುಳುಗಿದಾಗ ಸುಮಾರು 600 ಜನರನ್ನು ಎತ್ತಿದ್ದು ವೀಟಾ ಆಸ್ಪತ್ರೆ ಹಡಗು. ಆಸ್ಪತ್ರೆ ಹಡಗು ಎತ್ತಿದ್ದರೆ ಯಾರಿಗೆ ಯಾವ ಗಾಯ, ಯಾರು ಎತ್ತಿದ ಮೇಲೆ ತೀರಿಕೊಂಡರು, ಯಾರನ್ನು ಸಮುದ್ರಕ್ಕೆ ಒಪ್ಪಿಸಲಾಯಿತು ಎಂಬುದೂ ಸಿಗುವ ಸಾಧ್ಯತೆಯಿದೆ. ಬದುಕುಳಿದವರ ಹೇಳಿಕೆಗಳಲ್ಲಿ ವೈದ್ಯರ ಪ್ರಸ್ತಾಪ ಬರುವುದು ವಿರಳವಲ್ಲ, ಏಕೆಂದರೆ ಹಡಗಿನಲ್ಲಿ ಎಲ್ಲರೂ ಮುಖ ನೋಡಿ ಬಲ್ಲ ಅಧಿಕಾರಿ ಅವರೇ. ಹೆಸರು ಹೇಳದೆ ‘ಡಾಕ್ಟರು’ ಎಂದಷ್ಟೇ ಹೇಳಿರಬಹುದು. ಚಿಕ್ಕ ಯುದ್ಧನೌಕೆಯಲ್ಲಿ ಸಾಮಾನ್ಯವಾಗಿ ವೈದ್ಯರಿರುವುದು ಒಬ್ಬರೇ ಆದ್ದರಿಂದ ಆ ಮಾತು ನಿಮ್ಮವರನ್ನೇ ಕುರಿತದ್ದು.

ಮುಳುಗಿಸಿದವರ ಕಡೆಯ ದಾಖಲೆಯನ್ನೂ ಓದಲು ಹಿಂಜರಿಯಬಾರದು. ಮನಸ್ಸಿಗೆ ಕಷ್ಟವಾದರೂ ಹೊತ್ತು ಮತ್ತು ಜಾಗದ ವಿಷಯದಲ್ಲಿ ಜಲಾಂತರ್ಗಾಮಿಯ ದಿನಚರಿ ಬಹಳ ಉಪಯುಕ್ತ. ಎರಡೂ ಕಡೆಯ ಗಂಟೆಗಳನ್ನು ಹೋಲಿಸುವಾಗ ಮಾತ್ರ ಗಡಿಯಾರದ ಬಗ್ಗೆ ಎಚ್ಚರವಿರಲಿ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗಿತ್ತು; ಮುಂಬಯಿ ನಗರದಲ್ಲಿ ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದಿದ್ದ ಸ್ಥಳೀಯ ‘ಬಾಂಬೆ ಟೈಮ್’ 1955ರವರೆಗೂ ಬಳಕೆಯಲ್ಲಿತ್ತು; ಹಡಗುಗಳು ತಾವಿದ್ದ ವಲಯದ ಸಮಯ ಹಿಡಿಯುತ್ತಿದ್ದವು. ಮಧ್ಯರಾತ್ರಿಯ ಆಸುಪಾಸಿನ ಸಾವು ಹೀಗೆ ಎರಡು ಪುಸ್ತಕಗಳಲ್ಲಿ ಎರಡು ದಿನಾಂಕ ಪಡೆಯುತ್ತದೆ. ಯುದ್ಧಕಾಲದ ಪತ್ರಿಕೆಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಸೆನ್ಸಾರ್ ಕಾರಣದಿಂದ ಹಡಗಿನ ಹೆಸರು, ಮುಳುಗಿದ ಜಾಗ ತಡವಾಗಿ ಬರುತ್ತಿದ್ದವು ಅಥವಾ ಬರುತ್ತಲೇ ಇರಲಿಲ್ಲ. ನಿಧನ ವಾರ್ತೆಯನ್ನು ಘಟನೆಯ ವಾರದಲ್ಲಿ ಅಲ್ಲ, ಮುಂದಿನ ತಿಂಗಳುಗಳ ಸಂಚಿಕೆಗಳಲ್ಲಿ ಹುಡುಕಬೇಕು.

ಕಡತಗಳು ಇರುವ ಜಾಗಗಳ ಪೈಕಿ ಮುಖ್ಯವಾದದ್ದು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಅಲ್ಲಿ ಎಡಿಎಂ 101 ಸರಣಿಯಲ್ಲಿ ನೌಕಾ ವೈದ್ಯರ ದಿನಚರಿಗಳೂ, ಎಡಿಎಂ 53ರಲ್ಲಿ ಹಡಗುಗಳ ಲಾಗ್‌ಗಳೂ, ಎಡಿಎಂ 196ರಲ್ಲಿ ಅಧಿಕಾರಿಗಳ ಸೇವಾ ವಿವರಗಳೂ, ಬಿಟಿ 334ರಲ್ಲಿ ವ್ಯಾಪಾರಿ ಹಡಗುಗಳಲ್ಲಾದ ಸಾವುಗಳ ನೋಂದಣಿಯೂ, ಬಿಟಿ 389ರಲ್ಲಿ ಎರಡನೆಯ ಯುದ್ಧದ ವ್ಯಾಪಾರಿ ಹಡಗುಗಳ ಸಂಚಾರದ ಚೀಟಿಗಳೂ ಇವೆ. ಎರಡನೆಯ ಯುದ್ಧದ ಕಾಲದ ದೊಡ್ಡ ನೌಕೆಗಳ ಲಾಗ್‌ಗಳು ಉಳಿದಷ್ಟು ಚಿಕ್ಕವುಗಳದು ಉಳಿದಿಲ್ಲ. ಸೂಚಿಯನ್ನು ಮನೆಯಿಂದಲೇ ನೋಡಬಹುದು. ಕಡತದ ಸಂಖ್ಯೆ ಸಿಕ್ಕ ಮೇಲೆ ಪ್ರತಿಗೆ ಹಣ ಕಟ್ಟಿ. ಸೇನೆಯ ವೈದ್ಯಕೀಯ ಸೇವೆಯ ಅಧಿಕಾರಿಗಳ ಕಡತಗಳಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬೇಕು. ನೇಮಕ, ಬಡ್ತಿಗಳ ಪ್ರಕಟಣೆಗೆ ಲಂಡನ್ ಗೆಜೆಟ್ ಉಚಿತವಾಗಿ ತೆರೆದಿದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಕಡತಗಳ ಶೀರ್ಷಿಕೆಗಳನ್ನು ಹುಡುಕಬಹುದು, ಹಲವನ್ನು ಓದಲೂಬಹುದು.

ಇಲ್ಲಿ ಜಿಲ್ಲೆಯ ಪ್ರಶ್ನೆ ಏಳುತ್ತದೆ. 1956ಕ್ಕಿಂತ ಮುಂಚೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು, ದಕ್ಷಿಣ ಕನ್ನಡ ಮದರಾಸಿನದು, ಮೈಸೂರು ಸಂಸ್ಥಾನ ಬೇರೆ. ಹೀಗಾಗಿ ಧಾರವಾಡದ ವೈದ್ಯರ ಸ್ಥಳೀಯ ಕಾಗದಪತ್ರಗಳು ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿರಬಹುದು, ಉಡುಪಿಯವರದಕ್ಕೆ ಚೆನ್ನೈಗೆ ಬರೆಯಬೇಕಾಗಬಹುದು. ಓದಿದ ಕಾಲೇಜು ತಿಳಿದರೆ ಇನ್ನೂ ಒಳ್ಳೆಯದು. ಮುಂಬಯಿಯಲ್ಲಿ ಓದಿದವರಾದರೆ 1845ರಲ್ಲಿ ಆರಂಭವಾದ ಭಾಯಖಳಾದ ಗ್ರಾಂಟ್ ವೈದ್ಯಕೀಯ ಕಾಲೇಜು, ಪಣಜಿಯಲ್ಲಿ ಓದಿದವರಾದರೆ 1842ರ ಗೋವಾ ವೈದ್ಯಕೀಯ ಶಾಲೆ. ಮುಂಬಯಿ ಪ್ರಾಂತದಲ್ಲಿ 1912ರ ವೈದ್ಯಕೀಯ ಕಾಯ್ದೆಯಡಿ ವೈದ್ಯರ ನೋಂದಣಿ ಪಟ್ಟಿ ಬಂದದ್ದರಿಂದ, ಪದವಿಯ ವರ್ಷ ಮತ್ತು ಅಂದಿನ ವಿಳಾಸ ಆ ಪಟ್ಟಿಯ ಹಳೆಯ ಮುದ್ರಣಗಳಲ್ಲಿ ಸಿಗುತ್ತದೆ. ಮುಂಬಯಿಯ ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳನ್ನು ತಾತ್ಸಾರ ಮಾಡಬೇಡಿ. ಸರಕಾರಿ ಕಡತ ಹೇಳದ ಊರು, ಮನೆತನ, ವಿದ್ಯಾರ್ಥಿವೇತನದ ಸಂಗತಿ ಅವುಗಳಲ್ಲಿ ಒಂದು ಸಾಲಾಗಿ ಕುಳಿತಿರುತ್ತದೆ.

ಸ್ವತಂತ್ರ ಭಾರತದ ಯುದ್ಧಗಳಲ್ಲಿ ಹುಡುಕುವ ಕ್ರಮ ಸರಳ, ಕಡತ ಸಿಗುವುದು ಕಠಿಣ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪದ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿದಾಗ 18 ಅಧಿಕಾರಿಗಳು, 176 ನಾವಿಕರು ಮಡಿದರು. ಹಡಗನ್ನು ಬಿಟ್ಟು ಬರದ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಬದುಕುಳಿದವರನ್ನು ಎತ್ತಿದ್ದು ಐಎನ್‌ಎಸ್ ಕಚ್ಚಾಲ್. ಪಾಕಿಸ್ತಾನದ ಬರಹಗಳಲ್ಲಿ ಕಾಣುವ ಗಂಟೆಗೆ ಅರ್ಧ ಗಂಟೆ ಕೂಡಿಸಿ ಓದಬೇಕು. ದಿಯುವಿನಲ್ಲಿ ಖುಕ್ರಿಯ ಸ್ಮಾರಕವಿದೆ. 2019ರ ಫೆಬ್ರವರಿ 25ರಂದು ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಗಳ ಮೇಲೂ ಅದರ ಜಾಲತಾಣದಲ್ಲೂ ಹೆಸರು ಹುಡುಕಬಹುದು. ವೈದ್ಯರಾದರೆ ನೌಕಾಪಡೆ ಮತ್ತು ಆರ್ಮಿ ಮೆಡಿಕಲ್ ಕೋರ್ ಎರಡರಡಿಯೂ ನೋಡಿ. ಅಂದು ತರುಣ ವೈದ್ಯರಾಗಿದ್ದವರು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನವರಾಗಿರುವ ಸಂಭವವೂ ಇದೆ. ಆ ಸಂಸ್ಥೆ 1948ರಲ್ಲಿ ಸ್ಥಾಪನೆಯಾದರೂ ಎಂಬಿಬಿಎಸ್ ತರಗತಿಯ ಮೊದಲ ತಂಡ ಸೇರಿದ್ದು 1962ರಲ್ಲಿ, ಆದ್ದರಿಂದ ಅದಕ್ಕೂ ಮುಂಚೆ ಓದಿದವರನ್ನು ನಾಗರಿಕ ಕಾಲೇಜುಗಳಲ್ಲಿ ಹುಡುಕಬೇಕು. ಮುಂಬಯಿಯ ಕೊಲಾಬಾದ ಅಶ್ವಿನಿ ಅಥವಾ ವಾಸ್ಕೋದ ಜೀವಂತಿ ನೌಕಾ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಿದ್ದರೆ, ಜೊತೆಯಲ್ಲಿದ್ದ ನಿವೃತ್ತ ವೈದ್ಯರನ್ನು ಕೇಳುವುದು ಕಡತ ಕಾಯುವುದಕ್ಕಿಂತ ಬೇಗ ಫಲ ಕೊಡುತ್ತದೆ. ಆ ತಲೆಮಾರಿನವರಿಗೆ ಈಗ ವಯಸ್ಸಾಗಿದೆ, ಈ ಕೆಲಸವನ್ನು ಮುಂದೂಡಬೇಡಿ.

ಸೇವಾ ಕಡತಕ್ಕೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶನಾಲಯಕ್ಕೆ ಮೊದಲು ಸಾದಾ ಪತ್ರ ಬರೆಯಿರಿ, ಸಂಬಂಧವನ್ನು ತೋರಿಸುವ ಕಾಗದ ಜೊತೆಗಿಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿಯಲ್ಲಿ ‘ಎಲ್ಲ ದಾಖಲೆ ಕೊಡಿ’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ನೇಮಕದ ದಿನಾಂಕ, ಹಡಗಿಗೆ ನಿಯೋಜಿಸಿದ ಆದೇಶ, ಮೃತರೆಂದು ಘೋಷಿಸಿದ ಪತ್ರ, ಹೀಗೆ ಒಂದೊಂದನ್ನೂ ಬಿಡಿಸಿ ಕೇಳಬೇಕು.

ಹುಡುಕಾಟ ಮುಗಿಯುವ ಹೊತ್ತಿಗೆ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ತಪ್ಪಾಗಿರುವುದೋ ಬಿಟ್ಟೇಹೋಗಿರುವುದೋ ಗಮನಕ್ಕೆ ಬರಬಹುದು. ಅದನ್ನು ತಿದ್ದಿಸಲು ಸಾಧ್ಯವಿದೆ, ಮತ್ತು ತಿದ್ದಿಸಬೇಕು ಎಂದೇ ನನ್ನ ಅಭಿಪ್ರಾಯ. ಆಯೋಗ ಕೇಳುವುದು ಮನೆಯ ನೆನಪನ್ನಲ್ಲ, ಆ ಕಾಲದ ಕಾಗದವನ್ನು. ಸಾವಿನ ಕಾರಣ ಮತ್ತು ದಿನಾಂಕ ತೋರಿಸುವ ಒಂದು ಪ್ರತಿ, ಅವರು ಆ ಸೇವೆಯಲ್ಲಿದ್ದರೆಂದು ತೋರಿಸುವ ಒಂದು ಪ್ರತಿ, ಎರಡೂ ಒಬ್ಬರದೇ ಎಂದು ಸಾಬೀತುಪಡಿಸುವ ಹುಟ್ಟಿದ ದಿನ ಅಥವಾ ತಂದೆಯ ಹೆಸರಿರುವ ಇನ್ನೊಂದು ಪ್ರತಿ ಬೇಕಾಗುತ್ತದೆ. ಕನ್ನಡದ ಕಾಗದವಾದರೆ ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಲಗತ್ತಿಸಿ, ಮೂಲವನ್ನು ಯಾವ ಕಾರಣಕ್ಕೂ ಅಂಚೆಗೆ ಹಾಕಬೇಡಿ.